ಏಳು ದಿನ ನೇತಾಡಿದ ಕ್ರಿಸ್ಪಿನ್

ಓತಿಲಿಯಾಗೆ ಓದುಬರಹ ಅಷ್ಟಕ್ಕಷ್ಟೆ. ಆದರೆ ಪತ್ರಿಕೆಗಳ ಜಾತಿ ಗೊತ್ತಿತ್ತು. ಗಂಡ ಕ್ರಿಸ್ಪಿನ್ ಕಲಿಸಿದ್ದ. ಮೂರು ಚಕ್ರದ ಸೈಕಲ್ಲಿಗೆ ಸ್ಪೀಕರು ಕಟ್ಟಿಕೊಂಡು ತೆವಾಕಾನ್ ಊರಿನ ಬೀದಿಗಳಲ್ಲಿ ಪತ್ರಿಕೆ ಕೂಗಿ ಮಾರುತ್ತಿದ್ದ ಅವನು.

"ದಿನಪತ್ರಿಕೇಲಿ ಸತ್ತೋನು ಸಾಯಂಕಾಲಕ್ಕೆ ಬೆಣ್ಣೆಹಣ್ಣು ಸುತ್ತೋಕೆ ಹೋಗ್ತಾನೆ" ಎನ್ನುತ್ತಿದ್ದ. "ವಾರಪತ್ರಿಕೇಲಿ ಸತ್ತೋನು ಏಳು ದಿನ ಅಂಗಡಿ ಮುಂದೆ ಕ್ಲಿಪ್ಪಲ್ಲಿ ನೇತಾಡ್ತಾನೆ. ಪಾಕ್ಷಿಕ ಪಾದ್ರಿಗಳಿಗೆ. ಮಾಸಪತ್ರಿಕೆ ಕ್ಷೌರದಂಗಡಿ ಬೆಂಚಿಗೆ, ಅದರಲ್ಲಿ ಯಾರೂ ಸಾಯಲ್ಲ, ಬರೀ ನಟಿಯರ ಮದುವೆ. ಮೂರು ತಿಂಗಳಿಗೊಂದು ತ್ರೈಮಾಸಿಕ ಬರುತ್ತಲ್ಲ, ಅದು ವಕೀಲರಿಗೆ. ಅವರೂ ಓದಲ್ಲ."

"ವಾರ್ಷಿಕ?"

"ಅದು ಡಿಸೆಂಬರಿಗೆ. ವರ್ಷದ ಒಳ್ಳೊಳ್ಳೆ ಹೆಣ ಎಲ್ಲ ಒಂದೇ ಕಡೆ."

ಅವರ ಮನೆಯ ಒಲೆ ಉರಿಸಿದ್ದು ವಾರಪತ್ರಿಕೆ. ಶನಿವಾರ ಬರುತ್ತಿತ್ತು, ಮುಖಪುಟದ ತುಂಬ ರಕ್ತ. ಕೂಗುವವರಲ್ಲಿ ಒಂದು ಪದ್ಧತಿ. ಸತ್ತವನ ಬೀದಿಗೇ ಮೊದಲು ಹೋಗಬೇಕು. ಹೆಸರು ಹೇಳಿ, ಸತ್ತ ಬಗೆ ಹೇಳಿ ಕೂಗಬೇಕು. ಗುರುತಿದ್ದವರೇ ಹೆಚ್ಚು ಕೊಳ್ಳುವುದು.

ಎದುರುಮನೆಯ ಹಿರಿಯ ಹೆಂಗಸು ದೋನ್ಯಾ ಫೌಸ್ತಾಳ ಮಗ ಕುಡಿದು ಕಾಲುವೆಗೆ ಬಿದ್ದು ಸತ್ತಾಗ ಕ್ರಿಸ್ಪಿನ್ ಅವಳ ಬಾಗಿಲಲ್ಲೇ ಸೈಕಲ್ ನಿಲ್ಲಿಸಿದ.

"ಕುಡಿದ, ಮುಳುಗಿದ! ಈ ಬೀದಿಯ ಹುಡುಗ! ಊದಿದ ಮುಖ ಒಳಪುಟದಲ್ಲಿ!"

ಫೌಸ್ತಾ ಹೊರಗೆ ಬಂದಳು. "ನಿನ್ನ ದಮ್ಮಯ್ಯ ಕ್ರಿಸ್ಪಿನ್, ಮುಂದಕ್ಕೆ ಹೋಗಪ್ಪ."

"ಹೋಗ್ತೀನಿ ದೋನ್ಯಾ. ಇನ್ನೊಂದು ನಾಲ್ಕು ಜನ ಕೊಳ್ಳಲಿ."

ಅವತ್ತು ಮಧ್ಯಾಹ್ನ ಓತಿಲಿಯಾ ಮಾಂಸದ ಸಾರು ಮಾಡಿದಳು. ಗಂಡ, ಹೆಂಡತಿ, ಮಗಳು ಹೊಟ್ಟೆತುಂಬ ಉಂಡರು.

ಮಾರ್ಚಿನ ಒಂದು ಗುರುವಾರ ಜಲ್ಲಿ ಲಾರಿ ಕ್ರಿಸ್ಪಿನ್‌ನ ಮೇಲೆ ಹರಿಯಿತು. ಸೈಕಲ್ಲಿಗೆ ಒಂದು ಗೀರೂ ಆಗಲಿಲ್ಲ. ಶುಕ್ರವಾರದ ದಿನಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಸಾಯಂಕಾಲಕ್ಕೆ ಆ ಹಾಳೆ ಹಣ್ಣಿನಂಗಡಿ ಸೇರಿತು. ಅದನ್ನು ಓತಿಲಿಯಾ ಸಹಿಸಿಕೊಂಡಳು. ಮಣ್ಣು ಮಾಡಿ ಬಂದು ಕೂತವಳಿಗೆ ಹೆದರಿಕೆ ಇದ್ದದ್ದು ಮಾರನೆಯ ದಿನದ್ದು.

ಶನಿವಾರ ಬೆಳಕು ಹರಿಯುವಾಗ ಕೂಗುವವರ ಸಂಘದ ಅಂಗಳಕ್ಕೆ ಹೋದಳು. ವಾರಪತ್ರಿಕೆಯ ಕಟ್ಟು ಬಿಚ್ಚುತ್ತಿದ್ದರು. ಮುಖಪುಟದಲ್ಲಿ ಕ್ರಿಸ್ಪಿನ್. ಮುಖ ಇರಲಿಲ್ಲ. ಅಂಗಿಯಿಂದ ಗುರುತು ಹಿಡಿದಳು. ಅದರ ಗುಂಡಿ ಹೊಲಿದವಳು ಅವಳೇ. ಮೇಲೆ ದಪ್ಪಕ್ಷರ: ಕೂಗುವ ಬಾಯಿ ರಸ್ತೆಗೆ ಅಂಟಿತು!

ಸಂಘದ ಯಜಮಾನ ದೋನ್ ನಾಬೋರ್ ಅವಳ ಮಗಳ ಜ್ಞಾನಪಿತ, ಇಗರ್ಜಿಯಲ್ಲಿ ಮಗುವಿಗೆ ಹೆಸರಿಡುವಾಗ ತಂದೆಯ ಸ್ಥಾನದಲ್ಲಿ ನಿಂತವನು. ಆ ಸಂಬಂಧದಿಂದ ಅವಳು ಅವನಿಗೆ ಕೊಮಾದ್ರೆ, ಅವನು ಅವಳಿಗೆ ಕೊಂಪಾದ್ರೆ.

"ಬನ್ನಿ ಕೊಮಾದ್ರೆ, ಗಂಜಿ ಬಿಸಿ ಇದೆ, ಕುಡೀರಿ."

"ಕುಡಿಯೋಕೆ ಬರ್ಲಿಲ್ಲ ಕೊಂಪಾದ್ರೆ. ನಮ್ಮ ಬೀದೀಲಿ ಇವತ್ತು ಕೂಗ್ಬೇಡಿ. ಬೇರೆ ಎಲ್ಲಾದ್ರೂ ಕೂಗ್ಕೊಳ್ಳಿ."

ಕಟ್ಟು ಬಿಚ್ಚುತ್ತಿದ್ದ ರುತಿಲಿಯೊ ನಕ್ಕ. "ಕ್ರಿಸ್ಪಿನ್ ಯಾರ ಬಾಗಿಲು ಬಿಟ್ಟಿದ್ದ, ಹೇಳಕ್ಕಾ?"

"ನೀನು ಬಾಯಿ ಮುಚ್ಚು" ಎಂದ ನಾಬೋರ್. ಆಮೇಲೆ ಅವಳಿಗೆ, "ಕೂಗೋನು ಸತ್ರೆ ಅವನು ಮಾರ್ತಿದ್ದ ಬೀದಿಗಳು ಹೆಂಡತಿಗೆ, ಅದು ನಮ್ಮ ಕಟ್ಟಳೆ. ಆದ್ರೆ ಒಂದು ಶನಿವಾರ ಕೂಗದೆ ಬಿಟ್ರೂ ಅವೆಲ್ಲ ಮುಂದಿನವನ ಪಾಲು. ಇವನು ಬಾಯಿ ಬಿಟ್ಕೊಂಡು ಕಾಯ್ತಾ ಇದಾನೆ."

"ನಾನೇ ಮಾರ್ತೀನಿ. ಕೂಗಲ್ಲ, ಅಷ್ಟೆ."

"ಕೂಗ್ದೆ ಮಾರೋದು ನಮ್ಮಲ್ಲಿಲ್ಲ. ರುತಿಲಿಯೊ ಹಿಂದೇನೇ ಬರ್ತಾನೆ, ಕೇಳಿಸ್ಕೊಳ್ಳೋಕೆ."

ಮಗಳು ಇನ್ನೂ ಶಾಲೆಗೆ ಹೋಗುವ ವಯಸ್ಸಿನವಳು. ಓತಿಲಿಯಾ ಕಟ್ಟು ಎತ್ತಿ ಗಂಡನ ಸೈಕಲ್ಲಿಗೆ ಹೇರಿಕೊಂಡಳು.

ತನ್ನ ಬೀದಿಯ ತಿರುವಿನಲ್ಲಿ ಮೈಕು ಹಿಡಿದಳು. ಸ್ಪೀಕರಿನ ದನಿ ತಗ್ಗಿಸಿದಳು. ರುತಿಲಿಯೊ ಹಿಂದೆ ನಿಂತು ಕೆಮ್ಮಿದ. ಹೆಂಗಸರು ಕೈಯಲ್ಲಿ ಜೋಳದ ಹಿಟ್ಟು ಮೆತ್ತಿಕೊಂಡೇ ಬಾಗಿಲಿಗೆ ಬಂದರು. ಫೌಸ್ತಾ ಕುರ್ಚಿ ತಂದು ಹೊಸ್ತಿಲಲ್ಲಿ ಹಾಕಿಕೊಂಡು ಕೂತಳು.

"ಏನೇ ಸುದ್ದಿ, ಓತಿಲಿಯಾ?"

"ನಿಮಗೆ ಗೊತ್ತಿರೋದೇ, ದೋನ್ಯಾ."

"ನಂಗೇನು ಗೊತ್ತು? ಕೂಗು."

"ಜಲ್ಲಿ ಲಾರಿ ಹರಿದು ಸಾವು. ಈ ಬೀದಿಯವನು."

"ಈ ಬೀದೀಲಿ ಬೇಕಾದಷ್ಟು ಜನ ಇದಾರೆ. ಯಾರು?"

"ಕ್ರಿಸ್ಪಿನ್ ಬಾಲ್ಬುವೆನಾ."

"ಕೇಳಿಸ್ಲಿಲ್ಲ ಕಣೆ. ಕಿವಿ ಮಂದ ಆಗಿದೆ. ನಿನ್ನ ಗಂಡ ಎಷ್ಟು ಚೆನ್ನಾಗಿ ಕೂಗ್ತಿದ್ದ!"

ಓತಿಲಿಯಾ ಸ್ಪೀಕರಿನ ತಿರುಪು ಕೊನೆಯವರೆಗೆ ತಿರುಗಿಸಿದಳು.

"ಕೂಗುವ ಬಾಯಿ ರಸ್ತೆಗೆ ಅಂಟಿತು! ಕ್ರಿಸ್ಪಿನ್ ಬಾಲ್ಬುವೆನಾ! ಈ ಬೀದಿಯವನು! ಉಳಿದದ್ದು ಒಳಪುಟದಲ್ಲಿ!"

ಬಾಗಿಲು ಬಾಗಿಲಿನಿಂದ ಕೈಗಳು ಚಾಚಿದವು. ಕೊಳ್ಳುವಾಗ ಯಾರೂ ಅವಳ ಮುಖ ನೋಡಲಿಲ್ಲ. ಫೌಸ್ತಾ ಮಾತ್ರ ನೋಡಿದಳು. ಒಂದು ಪ್ರತಿ ಕೊಂಡು, ಮುಖಪುಟ ಬಿಡಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ತನ್ನ ಕಿಟಕಿಗೆ ಸಿಕ್ಕಿಸಿದಳು. ಓತಿಲಿಯಾಳ ಬಾಗಿಲಿಗೆ ನೇರವಾಗಿ.

"ವಾರಪತ್ರಿಕೆ ಅಲ್ವೇನೆ" ಎಂದಳು. "ವಾರ ಇರ್ಲಿ."

ಮಧ್ಯಾಹ್ನದೊಳಗೆ ಕಟ್ಟು ಖಾಲಿಯಾಯಿತು. ಓತಿಲಿಯಾ ಮಾಂಸ ಕೊಂಡು ಬಂದು ಸಾರು ಮಾಡಿದಳು. ಮಗಳು ಮುಟ್ಟಲಿಲ್ಲ. ತಾಯಿ ಒಬ್ಬಳೇ ಉಂಡಳು.

ಏಳು ದಿನ ತುಂಬಿದ ಶನಿವಾರ ಫೌಸ್ತಾ ಹಾಳೆ ಬಿಚ್ಚಿದಳು. ಒಂದು ದಿನವೂ ಮೊದಲಲ್ಲ. ಅಷ್ಟರಲ್ಲಿ ಹೊಸ ಕಟ್ಟು ಬಂದಿತ್ತು. ಈ ಸಲ ಸತ್ತವಳು ಸಂತೆಯ ಹಿಂದಿನ ಬೀದಿಯ ಇಸ್ತ್ರಿ ಹೆಂಗಸು. ಗಂಡನೇ ಕೊಂದದ್ದು. ಅವಳ ತಾಯಿ ಬಾಗಿಲಲ್ಲೇ ಕೂತಿರುತ್ತಾಳೆ ಎಂದು ಎಲ್ಲರೂ ಹೇಳುತ್ತಿದ್ದರು.

ಓತಿಲಿಯಾ ಮೊದಲು ಆ ಬೀದಿಗೇ ಸೈಕಲ್ ತಿರುಗಿಸಿದಳು.