ಕತ್ತು ತಿರುಗಿಸಿದ ಕರು

ಹೋದ ಭಾನುವಾರ ಒಂದು ಹೊಸ ದೇವರಿಗೆ ಕೈ ಮುಗಿದು ಬಂದೆ. ಮುಗಿಯದೆ ಬೇರೆ ದಾರಿ ಇರಲಿಲ್ಲ. ಆ ದೇವರನ್ನು ಮಾಡಿದವನೇ ನಾನು.

ಮೊದಲಿನಿಂದ ಹೇಳುತ್ತೇನೆ. ನಮ್ಮಣ್ಣನ ಮಗಳು ಭಾಗ್ಯ ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಮಾಡುತ್ತಿದ್ದಾಳೆ. ಓದುವುದು ಕಲೆಯ ಇತಿಹಾಸ. (ಕಲೆ ಗೊತ್ತು, ಇತಿಹಾಸವೂ ಗೊತ್ತು. ಎರಡೂ ಸೇರಿದರೆ ಒಂದು ಡಿಗ್ರಿ ಆಗುತ್ತದೆಂದು ದೊಡ್ಡಬಳ್ಳಾಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ.) ಅವಳು ಸೇರುವ ಮುಂಚೆ ಅಣ್ಣ ನನ್ನನ್ನು ಕರೆಸಿದ. ಟೀಚರ್ ಟ್ರೈನಿಂಗಿಗೆ ಹೋಗಲಿ ಎಂಬುದು ಅವನ ಆಸೆ. ವ್ಯಾಪಾರದ ಬಾಯಿ ನನ್ನದು, ಹೇಳಿ ಒಪ್ಪಿಸಬೇಕಂತೆ.

"ಅದನ್ನ ಓದಿ ಏನ್ ಕಲೀತೀಯಮ್ಮ?" ಅಂದೆ.

"ನೋಡೋದು ಕಲೀತೀನಿ, ಚಿಕ್ಕಪ್ಪ."

"ಯಾಕೆ, ಇರೋ ಕಣ್ಣು ಸಾಲದಾ?"

"ನೀವು ಹುಣಸೇಮರ ನೋಡೋ ಹಾಗೆ ಅಪ್ಪ ನೋಡ್ತಾರಾ?"

ಕಾಯಿ ಮರದ ಮೇಲಿರುವಾಗಲೇ ಕೆಳಗೆ ನಿಂತು ಬೆಲೆ ಕಟ್ಟುವುದು ನನ್ನ ಕಸುಬು. ಅಂಗಡಿ ಬಾಗಿಲಲ್ಲಿ ಗೋಣಿ ಹೊತ್ತವನು ಇವತ್ತು ಅಂಗಡಿ ಇಟ್ಟಿದ್ದರೆ ಅದು ಈ ಕಣ್ಣಿನಿಂದ. 'ಓದಲಿ ಬಿಡಣ್ಣ' ಎಂದು ಎದ್ದು ಬಂದೆ.

ಈಗ ಅವಳಿಗೆ ಕೊನೆಯ ವರ್ಷ. ತಾನೇ ಹುಡುಕಿ ನೋಡಿದ ಒಂದು ಶಿಲ್ಪದ ಮೇಲೆ ಪ್ರಬಂಧ ಬರೆಯಬೇಕು. ರಜೆಗೆ ಬಂದಿದ್ದವಳು, ದೊಡ್ಡಬೆಳವಂಗಲದ ಆಚೆ ಒಂದು ಹಳ್ಳಿಗೆ ನಾನು ಮರ ನೋಡಲು ಹೊರಟಾಗ ಜೊತೆಗೆ ಬಂದಳು. ಆ ಊರ ಕೆರೆ ಏರಿಯ ಮಗ್ಗುಲಲ್ಲಿ ಒಂದು ವೀರಗಲ್ಲು. ನಾನು ಎಷ್ಟೋ ಸಲ ಅದಕ್ಕೆ ಒರಗಿ ಬೀಡಿ ಸೇದಿದ್ದೇನೆ. ಇವಳು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತವಳು ಏಳಲೇ ಇಲ್ಲ.

"ಚಿಕ್ಕಪ್ಪ, ಇಲ್ಲಿ ಕೆಳಗೆ, ಈ ಕರು ನೋಡಿ."

ಬಗ್ಗಿ ನೋಡಿದೆ. ದನ ಕಾಯಲು ಹೋರಾಡಿ ಸತ್ತವನು ಬಿದ್ದಿದ್ದಾನೆ. ದನಗಳೆಲ್ಲ ಮುಂದಕ್ಕೆ ಹೋಗುತ್ತಿವೆ. ಒಂದು ಕರು ಮಾತ್ರ ಕತ್ತು ಹಿಂದಕ್ಕೆ ತಿರುಗಿಸಿ ಬಿದ್ದವನನ್ನು ನೋಡುತ್ತಿದೆ.

"ಇಂಥಾ ಕಲ್ಲು ಬೇಕಾದಷ್ಟು ನೋಡಿದೀನಿ, ಚಿಕ್ಕಪ್ಪ. ಹೀಗೆ ತಿರುಗಿ ನೋಡೋ ಕರು ಎಲ್ಲೂ ನೋಡಿಲ್ಲ. ಯಾರೂ ಕೆತ್ತು ಅಂತ ಹೇಳಿರಲ್ಲ. ಆ ಶಿಲ್ಪಿ ತನಗೇ ಅನ್ನಿಸಿ ಕೆತ್ತಿದಾನೆ. ಸುತ್ತಮುತ್ತ ಇವನು ಕೆತ್ತಿದ್ದು ಇನ್ನೊಂದಿದ್ರೆ ನಾನು ಗುರುತು ಹಿಡೀತೀನಿ."

ಹೆಸರೂ ಉಳಿಯದವನ ಕೈಯನ್ನು ಗುರುತು ಹಿಡಿಯುವುದು. ಓಹೋ, ಇದಾ ಆ ಡಿಗ್ರಿ ಅಂದುಕೊಂಡೆ.

ನಮ್ಮಿಬ್ಬರ ಹತ್ತಿರವೂ ಕ್ಯಾಮೆರಾ ಇಲ್ಲ. ಕಾಲೇಜು ತೆರೆದ ಮೇಲೆ ತನ್ನ ಮೇಷ್ಟರನ್ನು ಕ್ಯಾಮೆರಾ ಸಮೇತ ಕರೆತರುವುದೆಂದು ಅವಳು ನಿರ್ಧರಿಸಿದಳು. ಅಷ್ಟರಲ್ಲಿ ಸುದ್ದಿ ಬಂತು. ಏರಿಯ ರಸ್ತೆಗೆ ಮೋರಿ ಕಟ್ಟುತ್ತಿದ್ದಾರೆ, ಆ ಕಲ್ಲನ್ನೇ ಮೇಲೆ ಹಾಸುತ್ತಾರಂತೆ. ಇಬ್ಬರೂ ಮೊದಲ ಬಸ್ಸಿಗೆ ಓಡಿದೆವು.

ಪಂಚಾಯ್ತಿ ಛೇರ್ಮನ್ ಮುನಿಶಾಮಣ್ಣ ಜಗಲಿಯ ಮೇಲೆ ನಾಲ್ಕು ಜನರ ಜೊತೆ ಕೂತಿದ್ದರು.

"ತಾತ, ಆ ಕಲ್ಲಲ್ಲಿ ಒಂದು..." ಭಾಗ್ಯ ಶುರು ಮಾಡಿದಳು.

ನಾನು ಅವಳ ಕೈ ಅದುಮಿದೆ. ಕೊಳ್ಳುವವನಿಗೆ ಗೊತ್ತಿರುವ ಮಾಲನ್ನೇ ತೋರಿಸಬೇಕು, ನನ್ನ ಇಷ್ಟು ವರ್ಷದ ಅನುಭವ ಅದು. ಕರುವಿನ ಕತ್ತಿಗೋಸ್ಕರ ಗಟ್ಟಿ ಚಪ್ಪಡಿ ಬಿಡುವವರು ಯಾರಿದ್ದಾರೆ?

"ಮುನಿಶಾಮಣ್ಣ, ಅದು ದೇವರ ಕಲ್ಲು. ದೇವರ ಮೈಮೇಲೆ ಗಾಡಿ ಹೊಡೀತೀರಾ?"

ಜಗಲಿಯಲ್ಲಿ ಕೂತಿದ್ದ ಒಬ್ಬರು ನಿಧಾನವಾಗಿ, "ನಮ್ಮಜ್ಜಿ ಅಲ್ಲಿ ದೀಪ ಹಚ್ತಿದ್ಲು ಕಣ್ರಪ್ಪ" ಅಂದರು. ಅಲ್ಲಿಗೆ ವ್ಯಾಪಾರ ಕುದುರಿತು. ಮೋರಿಗೆ ಬೇರೆ ಚಪ್ಪಡಿ ತರಿಸುವುದೆಂದಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಪಾಠ. "ನೋಡ್ದಾ? ಕೆಲಸ ಹೀಗೆ ಮಾಡಿಸ್ಕೋಬೇಕು. ನಿಮ್ಮ ಕಾಲೇಜಲ್ಲಿ ಇದನ್ನ ಹೇಳ್ಕೊಡಲ್ಲ."

"ಸುಳ್ಳಲ್ವಾ, ಚಿಕ್ಕಪ್ಪ?"

"ಕಲ್ಲು ಉಳೀತಲ್ಲ."

ಹೋದ ಭಾನುವಾರ ಮೇಷ್ಟರೂ ಬಂದರು. ಮೂವರೂ ಏರಿಯ ಮೇಲೆ ನಡೆದು ಹೋದೆವು. ದೂರದಿಂದಲೇ ತಗಡಿನ ಚಾವಣಿ ಕಂಡಿತು.

ವೀರನಿಗೆ ಕೆಂಪು ಆಯಿಲ್ ಪೇಂಟ್. ಕರಿ ಮೀಸೆ. ಬೆಳ್ಳಿಯ ಕಣ್ಣು. ಕಲ್ಲು ಅಲ್ಲಾಡದಿರಲೆಂದು ಸಿಮೆಂಟಿನ ಕಟ್ಟೆ ಕಟ್ಟಿ, ಕೆಳಗಿನ ಸಾಲನ್ನು ಪೂರ್ತಿ ಅದರೊಳಗೆ ಹೂತಿದ್ದಾರೆ. ಬಿದ್ದವನು, ದನ, ಕರು, ಎಲ್ಲ ಒಳಗೆ.

ಭಾಗ್ಯ ಮಂಡಿಯೂರಿ, ಕರು ಇದ್ದ ಜಾಗವನ್ನು ಅಂದಾಜು ಮಾಡಿ ಸಿಮೆಂಟಿನ ಮೇಲೆ ಅಂಗೈ ಇಟ್ಟಳು. ಮೇಷ್ಟರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು, "ಫೋಟೋ ಇಲ್ದೆ ಪ್ರಬಂಧ ಆಗಲ್ಲ, ಬೇರೆ ವಿಷಯ ನೋಡ್ಕೊಳಮ್ಮ" ಅಂದರು.

ಅಷ್ಟರಲ್ಲಿ ಮುನಿಶಾಮಣ್ಣ ಹಾರ ಹಿಡಿದು ಬಂದರು. ಮುಖದ ತುಂಬ ಸಂತೋಷ. ಕಟ್ಟೆಯನ್ನು ಸ್ವಲ್ಪ ಒಡೆದು ತೆಗೆಯಬಹುದೇ ಎಂದು ಮೆಲ್ಲಗೆ ಕೇಳಿದೆ.

"ಏನಪ್ಪಾ ಹಿಂಗಂತೀಯ? ದೇವರು ಅಂದೋನು ನೀನೇ. ಪ್ರತಿಷ್ಠೆ ಆಗೋಗಿದೆ. ಇನ್ನು ಸುತ್ತಿಗೆ ಮುಟ್ಟಿಸಂಗಿಲ್ಲ."

ಸುಳ್ಳು ಹೇಳಿದ್ದಕ್ಕೆ ನನಗೇನೂ ಬೇಜಾರಿಲ್ಲ, ವ್ಯಾಪಾರದಲ್ಲಿ ಅದು ನಡೆಯುತ್ತದೆ. ಬೇಜಾರು ಬೇರೆಯದು. ಮೋರಿಯ ಮೇಲೆ ಹಾಸಿದ್ದರೂ ಕರು ಮುಖ ಕೆಳಗೆ ಹಾಕಿಕೊಂಡು ಇರುತ್ತಿತ್ತೇನೋ. ನೀರು ಬತ್ತಿದಾಗ ಒಳಗೆ ತೂರಿ ನೋಡಬಹುದಿತ್ತು.

ಪ್ರತಿವಾರ ಈ ಅಂಕಣದಲ್ಲಿ ನಿಮಗೆ ಏನಾದರೂ ಒಂದು ಬುದ್ಧಿ ಹೇಳುವವನು ನಾನು. ಈ ವಾರದ್ದು ಇದು: ಮಕ್ಕಳ ಪರವಾಗಿ ಮಾತಾಡಲು ಹೋದಾಗ, ಮೊದಲು ಮಕ್ಕಳನ್ನು ಮಾತಾಡಲು ಬಿಡಿ. ಅವರ ಮಾತು ಬಿದ್ದುಹೋದರೆ ಆಮೇಲೆ ನಿಮ್ಮದು ಇದ್ದೇ ಇದೆ.

ಇಷ್ಟು ನನಗೆ ಹೊಳೆದದ್ದು ಬಸ್ ಸ್ಟಾಪಿನಲ್ಲಿ. ಭಾಗ್ಯ ಮೇಷ್ಟರ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು. ಹಿಂದೆಯೇ ನಡೆದು ಬಂದ ಮುನಿಶಾಮಣ್ಣ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು:

"ಅವತ್ತು ಜಗಲಿ ಹತ್ರ ಆ ಮಗು ಕಲ್ಲಲ್ಲಿ ಏನೋ ಇದೆ ಅಂತ ಹೇಳೋಕೆ ಬಂದ್ಲಲ್ಲ, ನೀನು ಸುಮ್ನಿರಿಸಿಬಿಟ್ಟೆ. ಅದೇನಪ್ಪಾ ಅದು?"