ಪಾಯದಲ್ಲಿ ಸಿಕ್ಕ ವೀರಗಲ್ಲು

ಶಾಲೆಯ ದಿನಗಳಿಂದ ಜೊತೆಗಿರುವ ನನ್ನ ಗೆಳತಿ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಸಣ್ಣ ಕಾರ್ಖಾನೆ ನಡೆಸುತ್ತಾಳೆ. ತವರೂರು ಕುರುಗೋಡಿನಲ್ಲಿ, ತಮ್ಮನ ಮನೆಯ ಪಕ್ಕ, ತನಗೂ ಒಂದು ಮನೆ ಬೇಕೆಂಬುದು ಅವಳ ಬಹುಕಾಲದ ಆಸೆ. ಕಳೆದ ಬೇಸಿಗೆಯ ಕೊನೆಗೆ ಪಾಯ ತೋಡಿಸುತ್ತಿದ್ದಾಗ ಫೋನ್ ಮಾಡಿದಳು: “ಮಣ್ಣಾಗ ಕಲ್ಲೊಂದು ಬಂದೈತಿ. ಅದರಾಗ ಒಬ್ಬ ಮನುಷ್ಯಾ ಅದಾನ. ಜಲ್ದಿ ಬಾ.”

ಕುರುಗೋಡಿನ ಹೈಸ್ಕೂಲಿನಲ್ಲೇ ನಾನು ಕನ್ನಡ ಕಲಿಸುತ್ತೇನೆ. ಹಳಗನ್ನಡ ಓದಿದವಳೆಂದು ಅವಳಿಗೆ ನನ್ನ ಮೇಲೆ ಭಾರಿ ನಂಬಿಕೆ. ಹೋಗಿ ನೋಡಿದರೆ ಆಳೆತ್ತರದ ವೀರಗಲ್ಲು ಅಂಗಾತ ಮಲಗಿತ್ತು. ಕೆಳಗೆ ದನಗಳ ಸಾಲು, ಅವುಗಳ ಮುಂದೆ ಬಿಲ್ಲು ಹಿಡಿದು ನಿಂತವನು. ನಡುವೆ ಅವನನ್ನು ಸ್ವರ್ಗಕ್ಕೆ ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ. ಅಕ್ಷರಗಳು ಸವೆದಿದ್ದವು, ನನಗೆ ಓದಲಾಗಲಿಲ್ಲ. ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನ ನೆನಪಿನ ಕಲ್ಲು ಎಂದಷ್ಟೇ ಹೇಳಿದೆ.

ತಮ್ಮನಿಗೆ ದಿಗಿಲಾಯಿತು. “ಅಕ್ಕಾ, ಆಫೀಸಿನೋರಿಗೆ ಗೊತ್ತಾದ್ರ ಕೆಲಸ ನಿಂತೇ ಹೋಗತೈತಿ. ಮ್ಯಾಲ ಕಾಂಕ್ರೀಟ್ ಹಾಕಿಬಿಡೋಣು. ಯಾರಿಗೆ ಗೊತ್ತಾಗತೈತಿ?”

“ನನಗ ಗೊತ್ತಿರತೈತಲ್ಲೋ. ಅವನ ಎದಿ ಮ್ಯಾಲ ಮಂಚ ಹಾಕ್ಕೊಂಡು ಹೆಂಗ ಮಲಗ್ಲಿ?”

ಆ ಮಧ್ಯಾಹ್ನವೇ ಬಳ್ಳಾರಿಗೆ ಹೋಗಿ ಪುರಾತತ್ವ ಇಲಾಖೆಯ ಕಚೇರಿಗೆ ತಾನೇ ತಿಳಿಸಿದಳು. ಕೆಲಸ ನಿಂತಿತು, ತಮ್ಮ ಮಾತು ಬಿಟ್ಟ. ಮೊದಲ ಮಳೆಗೆ ಗುಂಡಿಯ ಅಂಚು ಕುಸಿಯಿತು. ಅವಳು ಕಲ್ಲಿಗೆ ತಾಡಪತ್ರಿ ಹೊದಿಸಿ ಕಾದಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅಷ್ಟು ತಾಳ್ಮೆ ಇರುತ್ತಿತ್ತೋ ಇಲ್ಲವೋ!

ಕಚೇರಿಯಿಂದ ಬಂದ ಮೇಡಂ ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ತಟ್ಟಿ ಅಚ್ಚು ತೆಗೆದರು. ‘ತುಱು’ ಎಂಬ ಮಾತು ಮೂಡಿತು. ತುಱು ಎಂದರೆ ದನ. ಸತ್ತವನ ಹೆಸರಿದ್ದ ಜಾಗದಲ್ಲಿ ಚಕ್ಕೆ ಎದ್ದುಹೋಗಿತ್ತು.

“ಇಂಥವು ಈ ಸೀಮ್ಯಾಗ ಬೇಕಾದಷ್ಟು ಅದಾವ್ರಿ” ಎಂದು ಅವರು ಇದ್ದದ್ದನ್ನು ಹೇಳಿದರು. ಇದಕ್ಕಾಗಿಯೇ ಮನೆಯ ಕೆಲಸ ನಿಲ್ಲಿಸಿದೆಯಾ ಎಂಬಂತೆ ತಮ್ಮ ಅಕ್ಕನನ್ನು ನೋಡಿದ.

“ಹಂಗಾರ ಅಷ್ಟು ಮಂದಿ ಸತ್ತಾರಲ್ರಿ” ಎಂದಳು ಅವಳು. ಮೇಡಂ ಮಸಿಯ ಕೈ ಒರೆಸಿಕೊಳ್ಳುವುದನ್ನು ಬಿಟ್ಟು ಅವಳನ್ನೇ ನೋಡಿದರು.

ಗುಂಡಿಯನ್ನೆಲ್ಲ ಪರೀಕ್ಷಿಸಿದ ಮೇಲೆ, ಕಲ್ಲನ್ನು ಹತ್ತಿರದ ಗುಡಿಯ ಅಂಗಳದಲ್ಲಿ ನಿಲ್ಲಿಸಿ ಮನೆ ಕಟ್ಟಬಹುದೆಂದು ಒಪ್ಪಿಗೆ ಬಂತು. ಸಾಗಿಸುವ ದಿನ ಅವಳು ಕಾರ್ಖಾನೆಯಿಂದ ಜೀನ್ಸ್ ಚಿಂದಿಯ ಮೂಟೆಗಳನ್ನು ತರಿಸಿದಳು. ಕ್ರೇನಿನ ಸರಪಳಿ ಎಲ್ಲೂ ತಾಗದಂತೆ ಕಲ್ಲಿಗೆ ಸುತ್ತಿಸಿದಳು. ಕ್ರೇನಿನ ಪಕ್ಕ ನಡೆಯುತ್ತ “ಸಾವಕಾಶ, ಸಾವಕಾಶ!” ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಅವಳ ತಮ್ಮನೇ.

ಮರುದಿನವೇ ಹೆಂಗಸರು ಎಣ್ಣೆ, ಕುಂಕುಮ ಹಿಡಿದು ಬಂದರು. “ಹೂವು ಕೆಳಗ ಇಡ್ರೆವ್ವಾ. ಎಣ್ಣಿ ಹಚ್ಚಿದ್ರ ಅಕ್ಷರ ಮುಚ್ಚಿ ಹೋಗತಾವು” ಎಂದು ಒಬ್ಬೊಬ್ಬರಿಗೂ ಹೇಳಿದಳು. ಬೈಯಲಿಲ್ಲ. ಅವರು ಕೇಳಿದರು.

ಗೃಹಪ್ರವೇಶ ದೀಪಾವಳಿ ಕಳೆದ ಮೇಲಷ್ಟೇ ಆಯಿತು. ಆಮೇಲೊಂದು ದಿನ ಕೆಂಚನಗುಡ್ಡದ ಕಡೆಯ ರೈತರೊಬ್ಬರು ಅವಳ ನಂಬರ್ ಹುಡುಕಿ ಫೋನ್ ಮಾಡಿದರು. ಅವರ ಹೊಲದಲ್ಲೂ ಅಕ್ಷರವಿರುವ ಕಲ್ಲು ಸಿಕ್ಕಿತ್ತಂತೆ. ನಾವಿಬ್ಬರೂ ಸಿರುಗುಪ್ಪದ ಬಸ್ಸು ಹತ್ತಿದೆವು. ಅವರು ಕಲ್ಲಿನ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿದ್ದರು.

“ನೀವು ಬರೋತನಕ ಈ ಕಡಿ ಟ್ರ್ಯಾಕ್ಟರ್ ಬಿಟ್ಟಿಲ್ರಿ” ಎಂದರು.