ಲಾಲಸಾಬ ಕಾಕಾನ ಗೋಡೆ ಗೇಜು

‘ಹೆಂಗದೀರಿ?’ ಎಂದು ಕೇಳಿದರೆ ಲಾಲಸಾಬ ಕಾಕಾನಿಗೆ ಸಿಟ್ಟು ಬರುತ್ತಿತ್ತು. “ಹೆಂಗದೀರಿ ಅಂದ್ರ ಮಂದಿ ಆರಾಮ್ ಅಂತಾರ. ಆರಾಮ್ ಅನ್ನೂದು ಒಂದು ಅಳತಿ ಏನ್ರಿ? ಎಷ್ಟು ಅಂತ ಕೇಳ್ರಿ, ಎಷ್ಟು!” ಎನ್ನುತ್ತಿದ್ದ.

ಅದರಲ್ಲಿ ಅವನ ತಪ್ಪಿರಲಿಲ್ಲ. ಆಲಮಟ್ಟಿಯ ಕಾಲುವೆಯ ಮೇಲೆ ಬಹಳ ವರ್ಷ ಗೇಜ್ ಓದಿದವ ಅವನು. ದಿನಾ ಬೆಳಿಗ್ಗೆ ಸೈಕಲ್ ತುಳಿದು ಹೋಗಿ, ನೀರಿನಲ್ಲಿ ನಿಲ್ಲಿಸಿದ ಅಳತೆಪಟ್ಟಿಯ ಯಾವ ಗೆರೆಗೆ ನೀರು ಮುಟ್ಟಿದೆ ಎಂದು ನೋಡಿ ಬರೆಯುವುದು ಅವನ ಕೆಲಸ. ನಡುವೆ ಅವನ ಮನಸ್ಸು ಕೈಕೊಟ್ಟಿತು. ನೀರು ತನ್ನೊಡನೆ ಮಾತಾಡುತ್ತದೆ ಎಂದು ಕಾಲುವೆಯ ದಂಡೆ ಬಿಟ್ಟು ಮನೆಗೆ ಬರಲೊಲ್ಲದಾದ. ಗುಳಿಗೆಗಳು ಮತ್ತು ಹೆಂಡತಿಯ ಹಟ ಸೇರಿ ಅವನನ್ನು ಮನೆಗೆ ತಂದವು. “ಈಗ ನೀರು ಮಾತಾಡೂದಿಲ್ಲ. ಆದ್ರ ನನಗ ಭಾಳ ಬ್ಯಾಸರ ಆಗೈತಿ ನೋಡು, ಅದು ಚಲೋ ಮಾತಾಡತಿತ್ತು” ಎಂದು ಒಮ್ಮೆ ನನಗೆ ಹೇಳಿ ನಕ್ಕಿದ್ದ.

ಮುದ್ದೇಬಿಹಾಳದಲ್ಲಿ ‘ಹಗಲಕಟ್ಟಿ’ ಶುರುವಾದದ್ದು ಅವನಿಂದ. ಮನಸ್ಸಿನ ಕಾಯಿಲೆಯಿಂದ ಎದ್ದು ಬರುತ್ತಿರುವವರು ಹಗಲು ಬಂದು ಕೂಡುವ ಜಾಗ ಅದು. ಡಾಕ್ಟರು ಇಲ್ಲ, ನರ್ಸ್ ಇಲ್ಲ. ನಡೆಸುವವರೂ ನಾವೇ, ಬರುವವರೂ ನಾವೇ. ಜಾಗವೆಂದರೆ ಹಳೆಯ ದನದ ದವಾಖಾನೆಯ ಹಿಂದಿನ ಕೋಣೆ. ‘ಎಲ್ಲಿಗೆ ಹೊಂಟಿ?’ ಎಂದವರಿಗೆ ‘ದನದ ದವಾಖಾನಿಗೆ’ ಎಂದು ಹೇಳಿ ನಾವೇ ಮೊದಲು ನಗುತ್ತಿದ್ದೆವು. ನಾನು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದವ. ಒಂದು ದಿನ ಬಿಚ್ಚಿದ ಸೀರೆಗಳ ನಡುವೆ ಕೂತವ ಏಳಲೇ ಇಲ್ಲ. ಅಂಥ ನನ್ನನ್ನು ಕಾಕಾ ಕೈಹಿಡಿದು ಆ ಕೋಣೆಗೆ ಕರೆತಂದ. ‘ಯಾಕೆ ಹೀಗಾಯಿತು’ ಎಂದು ಕೇಳದ ಮೊದಲ ಮನುಷ್ಯ ಅವನು.

ಅದು ಅವನ ಮೊದಲ ಕಾನೂನೇ ಆಗಿತ್ತು. “ಬಂದವ್ರನ್ನ ಯಾಕ ಬಂದ್ರಿ ಅಂತ ಕೇಳಬ್ಯಾಡ್ರಿ. ಕಾಲುವ್ಯಾಗ ಬಂದ ನೀರಿಗೆ ಯಾಕ ಬಂದಿ ಅಂತ ಕೇಳತೀವೇನು?”

ಎರಡನೆಯ ಕಾನೂನು ಗೋಡೆಯ ಮೇಲಿತ್ತು. ಬಾಗಿಲ ಪಕ್ಕದಲ್ಲಿ ನೀಲಿ ಬಣ್ಣದಿಂದ ಒಂದು ಪಟ್ಟಿ ಬರೆದು, ಕೆಳಗಿನಿಂದ ಮೇಲಕ್ಕೆ ಒಂದರಿಂದ ಹತ್ತರವರೆಗೆ ಗೆರೆ ಎಳೆದಿದ್ದ. ಒಳಗೆ ಬರುವ ಪ್ರತಿಯೊಬ್ಬರೂ ಅಂದಿನ ತಮ್ಮ ಮನಸ್ಸಿನ ಮಟ್ಟಕ್ಕೆ ಬೆರಳಿಡಬೇಕು. ಐದು ಎಂದರೆ ನೆಟ್ಟಗಿದೆ. ಎಂಟು ದಾಟಿದರೆ ಉಕ್ಕುತ್ತಿದೆ. ಅಂಥವರು ಬೋರಿನ ಕೈಪಂಪು ಹೊಡೆದು ಎಲ್ಲ ಕೊಡ ತುಂಬಬೇಕು. ಎರಡು ಎಂದರೆ ತಳ ಕಾಣುತ್ತಿದೆ. ಅಂಥವರನ್ನು ಇಬ್ಬರ ನಡುವೆ ಕೂರಿಸಿ ಶೇಂಗಾ ಸುಲಿಯಲು ಕೊಡಬೇಕು. ಮಾತಾಡಲೇಬೇಕೆಂದಿಲ್ಲ, ಆದರೆ ಒಂಟಿ ಬಿಡಬಾರದು.

“ಖರೇ ಗೆರಿಗೇ ಬಟ್ಟು ಇಡ್ರಿ. ಗೇಜಿನ ಬುಕ್ಕಿನ್ಯಾಗ ದಿನಾ ಅದ ಅದ ಅಂಕಿ ಇತ್ತಂದ್ರ, ಅಂವ ನೀರು ನೋಡಾಕ ಹೋಗಿಲ್ಲ, ಚಾದಂಗಡ್ಯಾಗ ಕುಂತು ಬರದಾನ ಅಂತ ತಿಳೀರಿ” ಎಂದು ಅವನು ನಮ್ಮನ್ನು ಗದರುತ್ತಿದ್ದ.

ಆ ಕೋಣೆಗೇ ಒಂದು ದಿನ ಕುತ್ತು ಬಂತು. ಸರಕಾರಿ ಕೋಣೆಯನ್ನು ಇಂಥವರ ಕೈಗೆ ಕೊಟ್ಟವರು ಯಾರು ಎಂದು ಯಾರೋ ಅರ್ಜಿ ಹಾಕಿದ್ದರು. ಸಾಹೇಬರೊಬ್ಬರು ತಪಾಸಣೆಗೆ ಬರುತ್ತಾರೆ, ಅವರು ಬೇಡವೆಂದರೆ ಕೀಲಿ ಕೊಡಬೇಕು ಎಂದು ಕಾಗದ ಬಂತು. ಅಂದಿನಿಂದ ಕಾಕಾ ನಮ್ಮೆಲ್ಲರಿಗಿಂತ ಮೊದಲು ಬಂದು ಐದಕ್ಕೆ ಬೆರಳಿಡತೊಡಗಿದ. ದಿನಾ ಐದು. ಕಣ್ಣ ಕೆಳಗೆ ಕಪ್ಪು, ಬೆರಳು ಮಾತ್ರ ಐದಕ್ಕೆ. ಅವನು ಕಲಿಸಿದ ಪಾಠ ನನಗೆ ನೆನಪಿತ್ತು. ಆದರೂ ಬಾಯಿ ಬಿಡಲಿಲ್ಲ. ನನಗೆ ಆ ಕೋಣೆ ಬೇಕಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಾಹೇಬರು ಬರುವ ದಿನ ಕಾಕಾ ಮಾಲೆ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದ. ಸಾಹೇಬರು ತಮ್ಮ ಗಾಡಿಯಲ್ಲಿ ನೆಟ್ಟಗೆ ಕೋಣೆಗೇ ಬಂದುಬಿಟ್ಟರು. ಬಾಗಿಲಲ್ಲಿ ಶಾರದಕ್ಕ ಇದ್ದಳು. ತಾಂಬಾದ ಕಡೆಯವಳು, ನಮ್ಮ ಚಹಾ, ಶೇಂಗಾ, ಶಿಸ್ತು ಮೂರೂ ಅವಳ ಕೈಯಲ್ಲಿ. ಸಾಹೇಬರ ಕಂಕುಳಲ್ಲಿ ಒಂದು ಫೈಲಿತ್ತು. ಅಲ್ಲೇ ಶಾರದಕ್ಕ ಮೋಸಹೋದದ್ದು. ನಮ್ಮಲ್ಲಿಗೆ ಮೊದಲ ಸಲ ಬರುವವರೆಲ್ಲ ದವಾಖಾನೆಯ ಚೀಟಿಗಳ ಫೈಲನ್ನು ಹಾಗೆಯೇ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾರೆ.

“ಬಟ್ಟು ಇಡ್ರಿ” ಎಂದಳು ಶಾರದಕ್ಕ.

“ಏನಿದು?”

“ಇವತ್ತ ನಿಮ್ಮ ಮನಸಿನ್ಯಾಗ ನೀರು ಎಷ್ಟೈತ್ರಿ? ಖರೇ ಹೇಳ್ರಿ.”

ಸಾಹೇಬರು ಗೋಡೆ ನೋಡಿದರು, ಅವಳನ್ನು ನೋಡಿದರು. ಏನೆನಿಸಿತೋ, ಎರಡಕ್ಕೆ ಬೆರಳಿಟ್ಟರು. ಮರುಗಳಿಗೆಯಲ್ಲಿ ಅವರು ನನಗೂ ನಮ್ಮಲ್ಲಿಗೆ ಬರುತ್ತಿದ್ದ ಇಂಡಿ ಊರಿನ ಮಾಸ್ತರನಿಗೂ ನಡುವೆ ಚಾಪೆಯ ಮೇಲೆ ಕೂತಿದ್ದರು, ಮುಂದೆ ಬುಟ್ಟಿ ತುಂಬ ಶೇಂಗಾ.

“ಅಲ್ರೀ, ನಾ ಆಫೀಸರ್ ಅದೇನಿ. ತಪಾಸಣಿಗೆ ಬಂದೇನಿ.”

“ಆಗ್ಲಿ ಬಿಡ್ರಿ,” ಎಂದಳು ಶಾರದಕ್ಕ ಮೃದುವಾಗಿ. “ಹೋದ ತಿಂಗಳ ಒಬ್ರು ಡಿಸಿ ಸಾಹೇಬ್ರಾಗಿ ಬಂದಿದ್ರು. ಭಾಳ ಚಲೋ ಮನಷ್ಯಾ. ಈಗ ಕಿರಾಣಿ ಅಂಗಡ್ಯಾಗ ಕೆಲಸಕ್ಕ ಹೊಂಟಾರ. ನೀವೂ ಆರಾಮಾಗತೀರಿ, ಸುಲೀರಿ.”

ಸಾಹೇಬರು ಸುಲಿದರು. ಮಗಳ ಮದುವೆ ಮುರಿದದ್ದು, ಮನೆಯಲ್ಲಿ ಯಾರೂ ಯಾರೊಂದಿಗೂ ಮಾತಾಡದಿರುವುದು, ಎಲ್ಲ ಸಿಪ್ಪೆಯ ಜೊತೆ ಒಂದೊಂದಾಗಿ ಹೊರಬಂತು. ಮಾಸ್ತರ ಕೇಳುತ್ತ ಕೇಳುತ್ತ ಅರ್ಧ ಬುಟ್ಟಿ ತಿಂದ.

ಅಷ್ಟರಲ್ಲಿ ಕಾಕಾ ಬಾಡಿದ ಮಾಲೆಯೊಂದಿಗೆ ಬಂದ. ಬೂಟು ಬಿಚ್ಚಿ ಚಾಪೆಯ ಮೇಲೆ ಕೂತ ಮನುಷ್ಯನನ್ನೂ ಹೊರಗಿದ್ದ ಸರಕಾರಿ ಗಾಡಿಯನ್ನೂ ನೋಡಿ ಅವನು ಬಾಗಿಲಲ್ಲೇ ನಿಂತುಬಿಟ್ಟ. ಸಾಹೇಬರು ಫೈಲು ತೆರೆದರು. “ಇಲ್ಲಿ ಜವಾಬ್ದಾರಿ ಯಾರದು? ಅವ್ರಿಗೆ ಪೂರಾ ಆರಾಮ ಐತೇನು? ಇದನ್ನ ನಾ ಬರೀಬೇಕು.”

ಕಾಕಾ ಗೋಡೆಯ ಹತ್ತಿರ ಹೋದ. ಬೆರಳು ರೂಢಿಯಂತೆ ಐದಕ್ಕೆ ಹೋಯಿತು. ಅಲ್ಲಿ ನಿಂತಿತು. ಆಮೇಲೆ ಮೆಲ್ಲಗೆ ಇಳಿದು ಎರಡಕ್ಕೆ ಬಂತು.

“ಮೂರು ವಾರ ಆತ್ರಿ ನಿದ್ದಿ ಇಲ್ಲ. ಕೋಣಿ ಹೋಗತೈತಿ ಅಂತ ಹೆದರಿ ದಿನಾ ಸುಳ್ಳು ಬಟ್ಟು ಇಡಾಕತ್ತೇನಿ. ಹುದ್ದೇದಾಗ ಇದ್ದಾಗ ಒಂದ ದಿನಾನೂ ಸುಳ್ಳು ಅಂಕಿ ಬರದಾಂವ ಅಲ್ರಿ ನಾ. ಏನ್ ಬರೀತೀರಿ ಬರ್ಕೋರಿ.”

ಶಾರದಕ್ಕ ಸೊಂಟಕ್ಕೆ ಕೈಯಿಟ್ಟಳು. “ಎರಡು ಅಂದ್ರ ಶೇಂಗಾ. ಕಾನೂನು ನಿಂದ ಐತಿ. ಕುಂಡ್ರು ಕಾಕಾ.”

ಸಾಹೇಬರು ತುಸು ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ಅವರು ಏನು ಬರೆದರೋ ಗೊತ್ತಿಲ್ಲ, ಕೋಣೆ ನಮ್ಮಲ್ಲೇ ಉಳಿಯಿತು. ಗೋಡೆಗೆ ಸುಣ್ಣ ಬಳಿಸಬೇಕು ಎಂದಷ್ಟೇ ಹುಕುಂ ಬಂತು. ಗೇಜಿನ ಪಟ್ಟಿಯೊಂದನ್ನು ಬಿಟ್ಟು ಬಳಿದೆವು. ಕಾಕಾ ಆಮೇಲೆ ಮೂರು, ನಾಲ್ಕು, ಒಮ್ಮೊಮ್ಮೆ ಏಳಕ್ಕೂ ಬೆರಳಿಟ್ಟು, ಮುದಿವಯಸ್ಸಿನಲ್ಲಿ ಕೈಪಂಪು ಹೊಡೆದು ನಮ್ಮಿಂದ ಬೈಸಿಕೊಂಡ. ಎಂಟು ದಾಟಿಲ್ಲವಲ್ಲ, ನೀನ್ಯಾಕೆ ಹೊಡೆಯುತ್ತಿ ಎಂದರೆ, “ದಾಟೂಕಿಂತ ಮೊದಲ ಗೇಟ್ ತಗೀಬೇಕಪಾ” ಎನ್ನುತ್ತಿದ್ದ.

ಹೋದ ವರ್ಷ ಕೃಷ್ಣೆಗೆ ಹೊಸ ನೀರು ಬಂದ ವಾರ, ತಂಗಡಗಿಯ ಮಗಳ ಮನೆಯಲ್ಲಿ, ಬೆಳಗಿನ ಚಹಾ ಕುಡಿದು ಒರಗಿದವ ಹಾಗೆಯೇ ಹೋದ. ಮಣ್ಣು ಮಾಡಿ ಬಂದ ಮರುದಿನ ಹಗಲಕಟ್ಟಿಗೆ ಎಲ್ಲರೂ ಬಂದರು. ಎಲ್ಲರೂ ಎರಡಕ್ಕೇ ಬೆರಳಿಟ್ಟರು.

“ಎಲ್ಲಾರೂ ಎರಡ ಆದ್ರ, ನಡುವ ಕುಂಡ್ರಿಸಿಕೊಳ್ಳಾವ್ರು ಯಾರು?” ಎಂದಳು ಶಾರದಕ್ಕ. ಕಡೆಗೆ ಗುಂಡಗೆ ಕೂತೆವು, ಎಲ್ಲರ ಎರಡೂ ಪಕ್ಕಕ್ಕೆ ಒಬ್ಬೊಬ್ಬರು ಬರುವ ಹಾಗೆ.

ಅಂದು ಶೇಂಗಾ ಸಾಲಲಿಲ್ಲ.